ಬಂದರಿನಲ್ಲಿ ಹೇಳಿದ ಒಡಪು

ಬೀದರ್ ಸೀಮೆಯ ಚಿಂತಾಕಿಯ ನಮ್ಮ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರದ ವರ್ಷ ಅಣ್ಣ ಸಮುದ್ರದ ಕೆಲಸಕ್ಕೆ ಹೋದ. ಅವನಿಗೆ ಈಜು ಬಾರದು ಎಂದದ್ದಕ್ಕೆ, ಆಳು ಒಯ್ಯಲು ಬಂದ ಮುಕಾದಮ, "ಬೋಟಿನ್ಯಾಗ ನಿಂದ್ರೋದದರಿ, ಈಜೋದು ಯಾಕ?" ಎಂದ. ಭಾಲ್ಕಿಯಲ್ಲಿ ರೈಲು ಹತ್ತಿಸುವಾಗ ಅಣ್ಣನ ಆಧಾರ್ ಕಾರ್ಡು, ಮೊಬೈಲು ಎರಡನ್ನೂ ಜೋಪಾನ ಮಾಡುತ್ತೇನೆಂದು ತನ್ನ ಜೇಬಿಗಿಳಿಸಿದ. ಬಹಳ ಜೋಪಾನವಾಗಿಯೇ ಇಟ್ಟ, ವಾಪಸು ಕೊಡಲಿಲ್ಲ.

ದೀಪಾವಳಿ ಹೋಯಿತು, ಎಳ್ಳಮಾವಾಸ್ಯೆಯೂ ಹೋಯಿತು. ಅಣ್ಣನ ಸುದ್ದಿಯಿಲ್ಲ. ಅದೇ ಬೋಟಿನಿಂದ ತಪ್ಪಿಸಿಕೊಂಡ ಕಮಲನಗರದವನೊಬ್ಬ ಬಂದು ಬಂದರಿನ ಗುರುತು ಹೇಳಿದ. ದಡಕ್ಕೆ ಬಂದಾಗ ಆಳುಗಳನ್ನು ಇಳಿಯಗೊಡದೆ ಐಸಿನ ಕೋಣೆಯಲ್ಲಿ ಕೂಡಿಹಾಕುತ್ತಾರೆ, ಮನೆಗೆ ಹೋಗುತ್ತೇನೆಂದರೆ ಹೊಡೆಯುತ್ತಾರೆ ಎಂದ. ನಾನು ಅಣ್ಣನ ಹೆಂಡತಿಯನ್ನು, ನಮ್ಮ ವೈನಿಯನ್ನು, ಕರೆದುಕೊಂಡು ಹೊರಟೆ.

ಬೋಟು ಸಿಕ್ಕಿತು. ಮೇಲೆ ನಿಂತಿದ್ದ ಮೇಸ್ತ್ರಿ, ಬೀದರಿನವರು ಯಾರೂ ಇಲ್ಲ, ಇನ್ನೇನು ಬೋಟು ಹೊರಡುತ್ತದೆ ಎಂದು ಮರಾಠಿಯಲ್ಲಿ ಗದರಿದ. ನಾನು ಅಣ್ಣನ ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಮೇಸ್ತ್ರಿಯೇ ಯಾರಿಂದಲೋ ಹೀಗೆ ಕೂಗಿಸಿ, ಮನೆಯವರೇ ಬಂದರೆಂದು ಓಗೊಟ್ಟವರನ್ನು ಬಡಿಯುತ್ತಿದ್ದನಂತೆ; ಐಸಿನ ಕೋಣೆಯೊಳಗೆ ದನಿಯ ಗುರುತೂ ಹತ್ತುತ್ತಿರಲಿಲ್ಲವಂತೆ. ಅದು ಆಮೇಲೆ ತಿಳಿಯಿತು.

"ನೀವು ಕೂಗ್ರಿ ವೈನಿ."

"ಹ್ಯಾಂಗ ಕೂಗಲಿ? ನಾ ಅವರ ಹೆಸರು ತಗೊಳ್ಳಂಗಿಲ್ಲ."

ಇಂಥ ಹೊತ್ತಿನಲ್ಲೂ ಇದೊಂದು ನಾಚಿಕೆಯೇ ಎಂದು ನನಗೆ ಮೈ ಉರಿಯಿತು. ವೈನಿ ತಲೆಯ ಮೇಲೆ ಸೆರಗೆಳೆದುಕೊಂಡು ಒಡಪು ಹೇಳಿದರು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ, ಅದೂ ಮದುವೆಮನೆಯಲ್ಲಿ ಬಾಗಿಲು ತಡೆದು ಕೇಳಿದಾಗ. "ಔರಾದ ಸಂತ್ಯಾಗ ಹಸಿರು ಬಳಿ, ನನ್ನ ಹಣಿಮ್ಯಾಗ ಕುಂಕುಮದ ಕಳಿ" ಎಂದು ಶುರುಮಾಡಿ, ಕೊನೆಗೆ ಅಣ್ಣನ ಹೆಸರು ಸೇರಿಸಿ, ಇಡೀ ಬಂದರಿಗೆ ಕೇಳುವಂತೆ ಹೇಳಿದರು.

ದಡದಲ್ಲಿ ಮೀನು ಆಯುತ್ತಿದ್ದ ಹೆಂಗಸರಿಗೆ ಕನ್ನಡ ಬಾರದು. ಆದರೆ ಈ ಪದ್ಧತಿ ಅವರಲ್ಲೂ ಉಂಟು. ಕಿಸಕ್ಕನೆ ನಕ್ಕರು. ಆಗ ಬೋಟಿನ ಒಳಗಿನಿಂದ ಅಣ್ಣನ ದನಿಯಲ್ಲಿ ವೈನಿಯ ಹೆಸರು ಕೇಳಿಸಿತು. ಒಡಪಿಗೆ ಗಂಡ ತಿರುಗಿ ಹೆಂಡತಿಯ ಹೆಸರು ಹೇಳಲೇಬೇಕು.

ನಗು ನಿಂತಿತು. ಹೆಂಗಸರು ಬುಟ್ಟಿ ಇಳಿಸಿ ಬೋಟಿನ ಮುಂದೆ ಬಂದು ನಿಂತರು. ಒಬ್ಬಳು ಮೀನು ಕೊಯ್ಯುವ ಕತ್ತಿ ಕೆಳಗಿಡುವುದನ್ನು ಮರೆತಿದ್ದಳು. ಮೇಸ್ತ್ರಿಗೆ ಬೀದರಿನವನೊಬ್ಬ ಇದ್ದಾನೆಂಬುದು ನೆನಪಾಯಿತು, ಐಸಿನ ಕೋಣೆಯ ಮುಚ್ಚಳ ತೆಗೆದು ಅಣ್ಣನೊಬ್ಬನನ್ನೇ ಹೊರಗೆ ಬಿಟ್ಟ.

ಅಣ್ಣ ಗೋಡೆ ಹಿಡಿದ ಹಾಗೆ ನನ್ನ ಭುಜ ಹಿಡಿದು ಇಳಿದ. ನನಗೆ ಅಳು ತಡೆಯಲಾಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮತ್ತೊಂದು ದನಿ ಬಂತು:

"ವೈನಿ, ನಮ್ಮ ಹೆಸರೂ ಕೂಗ್ರಿ. ನಮಗ ಕೇಳ್ಲಾಕ ಯಾರೂ ಬಂದಿಲ್ರಿ."

ಗಂಡನ ಹೆಸರಿಗೆ ಸೆರಗೆಳೆದುಕೊಂಡ ವೈನಿ, ಆ ಪರಗಂಡಸರು ಹೇಳಿದ ಹೆಸರುಗಳನ್ನೆಲ್ಲ, ಒಡಪಿಲ್ಲದೆ, ಕೊನೆಯವನು ಇಳಿಯುವ ತನಕ ಕೂಗಿದರು.