ನೀರು ತುಂಬದೆ ಕೊಯ್ದ ಡ್ರಮ್ಮು

ತೊಳೆಯದ ಡ್ರಮ್ಮನ್ನು ತೊಳೆದಿದೆ ಎಂದು ಬರೆದು, ಮೊಹರು ಒತ್ತಿ ಗೇಟಿನಾಚೆ ಕಳುಹಿಸಿದ ಕಾರ್ಖಾನೆಯವರು ನಮ್ಮ ಗುಜರಿ ಅಂಗಳದ ಹುಲುಗಪ್ಪಣ್ಣನ ಎರಡೂ ಕಣ್ಣುಗಳನ್ನು ಕಿತ್ತುಕೊಂಡರು. ಅಂಥ ಪತ್ರಗಳನ್ನು ಒಮ್ಮೆಯೂ ಪ್ರಶ್ನಿಸದ ತಪಾಸಣಾ ಅಧಿಕಾರಿಗಳು ಅದರಲ್ಲಿ ಪಾಲುದಾರರು. ನಾನೂ ಪಾಲುದಾರಳು. ಅದನ್ನು ಮುಚ್ಚಿಟ್ಟು ಇನ್ನೊಬ್ಬರತ್ತ ಬೆರಳು ತೋರಿಸುವ ಹಕ್ಕು ನನಗಿಲ್ಲ.

ಕಳೆದ ವರ್ಷದ ಬೇಸಿಗೆಯ ಮಾತು. ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಒಂದು ಗುಜರಿ ಅಂಗಳದಲ್ಲಿ ಕೆಲಸಕ್ಕೆ ಸೇರಿದ್ದೆ. ಕಾರ್ಖಾನೆ, ಹೋಟೆಲುಗಳ ಹಳೆಯ ಸಾಮಾನನ್ನು ತೆರವು ಮಾಡಿ, ವಿಂಗಡಿಸಿ, ಕತ್ತರಿಸಿ ಮಾರುವ ವ್ಯವಹಾರ ಅದು. ಕಾಗದಪತ್ರ ನೋಡಿಕೊಳ್ಳುವುದು ನನ್ನ ಹೊಣೆ.

ಮೊದಲ ವಾರವೇ ಈ ಕಸುಬಿನ ಮುಖ್ಯ ಪದಗಳನ್ನೂ ಅವುಗಳ ಅರ್ಥವನ್ನೂ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಒಣ ತ್ಯಾಜ್ಯ, ಅಪಾಯಕಾರಿ ತ್ಯಾಜ್ಯ, ಮರುಬಳಕೆ, ವಿಲೇವಾರಿ, ಹೀಗೆ. ಅದರಲ್ಲಿ ಒಂದು ಸಾಲು: “ಖಾಲಿ ಡ್ರಮ್ಮು: ಒಳಗಿನದನ್ನು ತೆಗೆದು, ತೊಳೆದು, ಕಾರ್ಖಾನೆ ಪತ್ರ ಕೊಟ್ಟಿರುವ ಡ್ರಮ್ಮು. ನೇರವಾಗಿ ಕತ್ತರಿಸಬಹುದು.” ಕೊನೆಯ ಎರಡು ಪದಗಳನ್ನು ನಾನು ಯಾವ ಪುಸ್ತಕದಿಂದಲೂ ತೆಗೆದಿರಲಿಲ್ಲ. ನನಗೇ ಹಾಗೆ ತೋಚಿತ್ತು.

ಗ್ಯಾಸ್ ಕಟಿಂಗ್, ಅಂದರೆ ಗ್ಯಾಸಿನ ಉರಿಯಿಂದ ಕಬ್ಬಿಣ ಕೊಯ್ಯುವ ಕೆಲಸ, ಮಾಡುತ್ತಿದ್ದ ಹುಲುಗಪ್ಪಣ್ಣ ಬುಕ್ಕಸಾಗರದವರು. ಓದು ಬಾರದು. ಹಾಳೆಯನ್ನು ನನ್ನಿಂದ ಓದಿಸಿ ಕೇಳಿ ನಕ್ಕರು. “ಮೇಡಮ್ಮೋರ, ಇಷ್ಟು ದಿನ ಎಲ್ಲಾದಕ್ಕೂ ಗುಜರಿ ಅಂತಿದ್ವಿ. ನೀವು ಬಂದು ಒಂದೊಂದಕ್ಕ ನಾಮಕರಣ ಮಾಡಿದ್ರಿ. ತೊಟ್ಲಾ ಯಾವಾಗ ಕಟ್ತೀರಿ?”

ಅವರಿಗೊಂದು ಪದ್ಧತಿಯಿತ್ತು. ಯಾವ ಡ್ರಮ್ಮೇ ಇರಲಿ, ಕಂಠಮಟ್ಟ ನೀರು ತುಂಬಿಸಿದ ಮೇಲೆಯೇ ಬೆಂಕಿ ತೋರಿಸುತ್ತಿದ್ದರು. ನೀರು ನಿಂತ ಜಾಗದಲ್ಲಿ ಹೊತ್ತಿಕೊಳ್ಳುವ ಆವಿ ಕೂತುಕೊಳ್ಳುವುದಿಲ್ಲ ಎಂಬುದನ್ನು ಅವರಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ.

ಆ ದಿನ ಸಂಡೂರು ಕಡೆಯ ಕಾರ್ಖಾನೆಯೊಂದರಿಂದ ಬಣ್ಣದ ಥಿನ್ನರ್‌ನ ಕಬ್ಬಿಣದ ಡ್ರಮ್ಮುಗಳು ಬಂದಿದ್ದವು. ಸಿಮೆಂಟ್ ಕಲೆಸಲು ಅರ್ಧ ಡ್ರಮ್ಮು ಬೇಕೆಂದು ಕಂಪ್ಲಿಯ ಗಿರಾಕಿಯೊಬ್ಬರು ಗಾಡಿ ತಂದು ಕಾಯುತ್ತಿದ್ದರು. ಅಂಗಳದ ನಲ್ಲಿಯಲ್ಲಿ ಹನಿ ನೀರಿಲ್ಲ. ಟ್ಯಾಂಕರ್ ಬರುವುದು ಮಧ್ಯಾಹ್ನದ ಮೇಲೆ.

“ನೀರು ಬರ್ಲಿ ತಡೀರಿ,” ಎಂದರು ಹುಲುಗಪ್ಪಣ್ಣ.

“ತೊಳೆದಿದ್ದೇವೆ ಅಂತ ಕಾರ್ಖಾನೆಯವರು ಬರೆದುಕೊಟ್ಟಾರಲ್ಲಣ್ಣ. ಸಹಿ ಐತಿ, ಮೊಹರು ಐತಿ,” ಎಂದೆ ನಾನು.

ಅವರು ಡ್ರಮ್ಮಿನ ಬಾಯಿಗೆ ಮೂಗು ಹಿಡಿದರು. “ವಾಸನಿ ಬ್ಯಾರೆ ಹೇಳ್ತೈತ್ರಿ.”

“ಬಿಸಿಲಿಗೆ ಕಬ್ಬಿಣ ಹಂಗ ನಾರ್ತದ. ಗಿರಾಕಿ ಕಾಯಾಕತ್ತಾರ, ಜಲ್ದಿ ಮುಗಿಸ್ರಿ.”

ಒಂದು ಕ್ಷಣ ಅವರು ನನ್ನ ಕೈಯ ಪತ್ರವನ್ನು ನೋಡಿದರು. “ಆತ್ ಬಿಡ್ರಿ. ಓದಿದವ್ರು ಹೇಳ್ತೀರಂದ್ರ ಖರೇನೇ ಇರ್ತದ.”

ನಾನು ಕಚೇರಿಯ ಬಾಗಿಲಿಗೂ ತಲುಪಿರಲಿಲ್ಲ. ಡ್ರಮ್ಮು ಸಿಡಿದ ಸದ್ದಿಗೆ ತಗಡಿನ ಮಾಡು ನಡುಗಿತು. ತಿರುಗಿ ನೋಡಿದಾಗ ಡ್ರಮ್ಮಿನ ಮುಚ್ಚಳ ಕಾಂಪೌಂಡಿನಾಚೆ ಬಿದ್ದಿತ್ತು. ಹುಲುಗಪ್ಪಣ್ಣ ನೆಲದ ಮೇಲೆ ಕೂತು ಎರಡೂ ಅಂಗೈಗಳನ್ನು ಮುಖದಿಂದ ತುಸು ದೂರ ಹಿಡಿದುಕೊಂಡಿದ್ದರು, ಮುಟ್ಟಲು ಹೆದರಿದವರಂತೆ. ಬಳ್ಳಾರಿಯ ಆಸ್ಪತ್ರೆ ಸೇರುವವರೆಗೂ ಅವರು ಕೇಳಿದ್ದು ಒಂದೇ ಮಾತು: “ಗಾಡಿಯಾಗಿನವ್ರಿಗೆ ಏನೂ ಆಗಿಲ್ಲಲ್ರೀ?” ಜೀವ ಉಳಿಯಿತು. ದೃಷ್ಟಿ ಮರಳಲಿಲ್ಲ.

ವಾರದ ನಂತರ ಆ ಪತ್ರ ಹಿಡಿದು ಕಾರ್ಖಾನೆಗೆ ಹೋದೆ. ಉಗ್ರಾಣದ ಗುಮಾಸ್ತರು ಮೇಜಿನ ಖಾನೆ ಎಳೆದು ಒಂದು ಕಟ್ಟು ತೋರಿಸಿದರು. ಎಲ್ಲವೂ ಮೊದಲೇ ಸಹಿಯಾದ ಅದೇ ಪತ್ರ. ದಿನಾಂಕದ ಜಾಗ ಮಾತ್ರ ಖಾಲಿ. “ಅಪಾಯಕಾರಿ ಅಂತ ಬರದ್ರ ಅದನ್ನ ಲೈಸೆನ್ಸ್ ಇದ್ದವ್ರಿಗೇ ಕೊಡಬೇಕಾಗ್ತದ್ರಿ. ಯಾರಿಗೆ ಬೇಕು ಆ ರಗಳೆ? ಗುಜರಿಯವ್ರಾಗಿ ನಿಮಗ ಇಷ್ಟೂ ಗೊತ್ತಿಲ್ಲೇನು?” ಎಂದರು. ಅವರ ಮುಖದಲ್ಲಿ ಅಳುಕಿರಲಿಲ್ಲ, ನಿಜವಾದ ಆಶ್ಚರ್ಯವಿತ್ತು. ಮೇಲಧಿಕಾರಿ ನನ್ನನ್ನು ಒಳಗೆ ಕರೆಯಲಿಲ್ಲ. ಗೇಟು ದಾಟಿದ ಸರಕಿಗೆ ತಾವು ಹೊಣೆಯಲ್ಲವೆಂದು ಹೇಳಿ ಕಳುಹಿಸಿದರು.

ಬುಕ್ಕಸಾಗರಕ್ಕೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಹುಲುಗಪ್ಪಣ್ಣನ ಹೆಂಡತಿ ಹನುಮಕ್ಕ ಗದ್ದೆ ಕೂಲಿಗೆ ಹೋಗಿದ್ದರು. ಹುಲುಗಪ್ಪಣ್ಣ ಒಬ್ಬರೇ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ದನಿ ಗುರುತಿಸಿ, “ಬರ್ರಿ, ಕುಂದ್ರಿ,” ಎಂದರು. ಕ್ಷಮೆ ಕೇಳಲೆಂದು ಹೋದವಳು ಕಟ್ಟೆಯ ತುದಿಯಲ್ಲಿ ಕುಳಿತೆ.

ಅವರೇ ಕೇಳಿದರು: “ಗ್ವಾಡಿ ಮ್ಯಾಲಿನ ಹಾಳೆ ಐತೇನ್ರಿ ಇನ್ನೂ?”

“ಹರಿದು ಹಾಕಿದೆ, ಅಣ್ಣ.”

“ಹರೀಬಾರದಿತ್ತು. ಓದೋರು ಇದ್ದಾರಲ್ಲ. ನೀರು ತುಂಬಿ ಕೊಯ್ರಿ ಅಂತ ಒಂದ್ ಸಾಲು ಕೂಡಿಸಿದ್ರ ಸಾಕಿತ್ತು.”

ಆ ಸಾಲು ಈಗ ಅಂಗಳದ ಗೋಡೆಯಲ್ಲಿದೆ. ಅದನ್ನು ದಾಟಿ ಹೋಗುವಾಗಲೆಲ್ಲ ನನ್ನ ಕಣ್ಣು ತಾನಾಗಿ ನೆಲ ನೋಡುತ್ತದೆ.

ಕಾರ್ಖಾನೆಯ ಆಡಳಿತಕ್ಕೂ ತಪಾಸಣೆಯ ಹೊಣೆ ಹೊತ್ತ ಅಧಿಕಾರಿಗಳಿಗೂ ಹಲವು ಮನವಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಆದ್ದರಿಂದ ಓದುಗರ ಸಮಕ್ಷಮದಲ್ಲಿ ಮತ್ತೊಮ್ಮೆ ಕೇಳುತ್ತಿದ್ದೇನೆ. ಆ ಡ್ರಮ್ಮನ್ನು ಯಾರು, ಯಾವ ದಿನ, ಎಲ್ಲಿ ತೊಳೆದರು? ತೊಳೆದಿಲ್ಲವೆಂದಾದರೆ ಪತ್ರಕ್ಕೆ ಸಹಿ ಹಾಕಿದವರು ಯಾರು? ಖಾನೆಯಲ್ಲಿರುವ ಆ ಕಟ್ಟನ್ನು ಕೂಡಲೇ ವಶಪಡಿಸಿಕೊಂಡು ತನಿಖೆ ನಡೆಸಬೇಕು. ಹುಲುಗಪ್ಪಣ್ಣನ ಚಿಕಿತ್ಸೆಯ ಮತ್ತು ಜೀವನದ ಹೊಣೆಯನ್ನು ಕಾರ್ಖಾನೆ ಹೊರಬೇಕು. ನನ್ನ ತಪ್ಪನ್ನು ಇಲ್ಲಿ ನಾನೇ ಬರೆದಿದ್ದೇನೆ. ನಿಮ್ಮದನ್ನು ಲಿಖಿತ ಉತ್ತರದಲ್ಲಿ, ಈ ಬಾರಿ ದಿನಾಂಕವನ್ನೂ ತುಂಬಿ, ಒದಗಿಸಬೇಕೆಂದು ವಿನಂತಿಸುತ್ತೇನೆ.