ವಾಸನೆ ನಿಂತರೆ ಅಂಜಬೇಕೆಂದ ಬಾಯಾರು

ನಮ್ಮ ವಿಜ್ಞಾನ ಶಿಕ್ಷಕಿಯನ್ನು ನಾವೆಲ್ಲ ಬಾಯಾರು ಎಂದು ಕರೆಯುತ್ತಿದ್ದೆವು. ಅವರು ಯಾವ ವಸ್ತುವಿಗೂ ನೇರವಾಗಿ ಮೂಗು ಒಡ್ಡುತ್ತಿರಲಿಲ್ಲ. ಬಲಗೈಯ ಬೆರಳುಗಳನ್ನು ಜೋಡಿಸಿ, ಮೊರದಂತೆ ಬಾಗಿಸಿ, ಪಾತ್ರೆಯ ಮೇಲಿನ ಗಾಳಿಯನ್ನು ಸ್ವಲ್ಪಸ್ವಲ್ಪವೇ ತಮ್ಮ ಕಡೆಗೆ ಕರೆದುಕೊಳ್ಳುತ್ತಿದ್ದರು. ಶಾಲೆಯ ಆಮ್ಲಕ್ಕೂ ಹಾಗೆಯೇ, ನಮ್ಮ ಮನೆಯ ಚಹಾಕ್ಕೂ ಹಾಗೆಯೇ.

“ಬಾಯಾರ, ಚಾದಾಗ ವಿಷ ಹಾಕೀವೇನ್ರಿ?” ಎಂದು ನನ್ನ ಕಾಕಾ ಕಾಡುತ್ತಿದ್ದರು.

“ಚಾದ ಮ್ಯಾಲ ಸಂಶೆ ಇಲ್ರಿ. ಮಾಡಿದವರು ನೀವಂತ, ಅದಕ್ಕ.”

ಅರ್ಜಿ ಮತ್ತು ವರದಿಗಳ ಹೊರತಾಗಿ ನಾನು ಈವರೆಗೆ ಏನನ್ನೂ ಬರೆದಿರುವುದಿಲ್ಲ. ಈ ಸಂಗತಿಯನ್ನು ಬರೆಯಲು ಕುಳಿತಾಗಲೆಲ್ಲ ಭಯವಾಗಿ ಎದ್ದಿರುತ್ತೇನೆ. ಆದಾಗ್ಯೂ ಅವರ ಬಗ್ಗೆ ದಾಖಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿ, ತಿಳಿದಷ್ಟನ್ನು ನಿವೇದಿಸುತ್ತಿದ್ದೇನೆ.

ಬಾಯಾರು ರಾಯಬಾಗ ಕಡೆಯ ಮುಸ್ಲಿಂ ಕುಟುಂಬದವರು. ಐಗಳಿಯ ನಮ್ಮ ಪ್ರೌಢಶಾಲೆಗೆ ವರ್ಗವಾಗಿ ಬಂದು, ದ್ರಾಕ್ಷಿ ತೋಟದಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಮೊದಲ ಪಾಠದಲ್ಲಿ ಅವರು ಪುಸ್ತಕ ತೆರೆಯಲಿಲ್ಲ. “ಮೊದಲ ಅಂಜೂದು ಕಲೀರಿ. ಅಂಜಿಕಿ ಬರಲಿಲ್ಲಂದ್ರ ರಸಾಯನಶಾಸ್ತ್ರ ಬರೂದಿಲ್ಲ” ಎಂದರು. ಬಳಿಕ ಅರಿಶಿನ ಹಚ್ಚಿದ ಕಾಗದವನ್ನು ಸಾಬೂನಿನ ನೀರಿಗೆ ಅದ್ದಿ ಕೆಂಪಾಗಿಸಿ, ನಮ್ಮ ಕೈಗಿತ್ತರು. ಅದೇ ನೀರು ಹಳ್ಳ ಸೇರಿದರೆ ಮೀನಿಗೆ ಏನಾಗುತ್ತದೆ ಎಂದು ಕೇಳಿ, ಉತ್ತರ ಹೇಳದೆ ಮನೆಗೆ ಕಳುಹಿಸಿದರು.

ಯಾವುದನ್ನೂ ಹಾಳು ಮಾಡುವುದು ಅವರಿಗೆ ಆಗದು. ಕಬ್ಬಿನ ರವದಿಗೆ, ಎಂದರೆ ಒಣಗಿದ ಸೋಗೆಗೆ, ಬೆಂಕಿ ಹಚ್ಚುವವರನ್ನು ಕಂಡರೆ ಹೊಲದ ಬದುವಿನಲ್ಲೇ ನಿಂತು ಜಗಳವಾಡುತ್ತಿದ್ದರು. ನಮ್ಮ ತಂದೆಯವರ ಬೆನ್ನು ಹತ್ತಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದವರೂ ಅವರೇ. “ಸಗಣಿಯಿಂದ ಒಲಿ ಉರೀತೈತಿ, ಉಳಿದ ರಾಡಿ ಬಳ್ಳಿಗೆ ಗೊಬ್ಬರ ಆಗತೈತಿ. ಇನ್ನೇನ ಬೇಕ್ರಿ ಅಣ್ಣಾರ?” ಎಂಬುದು ಅವರ ವಾದ. ಅದರೊಂದಿಗೆ ಎಚ್ಚರಿಕೆಯನ್ನೂ ಹೇಳಿದ್ದರು: “ಒಳಗಿನ ಗಾಳಿ ಕೊಳೆತ ತತ್ತಿಗತೆ ನಾರತೈತಿ. ನಾರೂತನಕ ದೂರ ಸರೀಬಹುದು. ಹೆಚ್ಚಾತಂದ್ರ ಮೂಗ ಸಾಯತೈತಿ. ವಾಸನಿ ನಿಂತ್ರ ಅಂಜಬೇಕು, ನಗಬಾರದು.”

ನಾನು ಹತ್ತನೆಯ ತರಗತಿಯಲ್ಲಿದ್ದಾಗ ಗುಂಡಿಯಲ್ಲಿ ರಾಡಿ ಗಟ್ಟಿಯಾಗಿ ಒಲೆ ಉರಿಯದಾಯಿತು. ಯಾರೂ ಇಳಿಯಬೇಡಿ, ರಾಡಿ ಎಳೆಯುವ ಟ್ಯಾಂಕರ್ ಕರೆಸಿ ಎಂದು ಬಾಯಾರು ಹೇಳಿದ್ದರು. ಕಾಕಾ ಕಾಯಲಿಲ್ಲ. ರವಿವಾರ ಬೆಳಿಗ್ಗೆ ಮುಚ್ಚಳ ತೆಗೆದು, ಸನಿಕೆ ಹಿಡಿದು ಒಳಗಿಳಿದರು. ಮೊದಲು, “ಥೂ, ಏನ್ ನಾರತೈತಿ!” ಎಂದು ನಕ್ಕಿದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ, “ಈಗ ಏನೂ ವಾಸನಿ ಇಲ್ಲ ನೋಡಣ್ಣಾ” ಎಂದರು.

ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದ ಬಾಯಾರು ಚೀರಿದ್ದು ಆಗಲೇ. “ಮ್ಯಾಲ ಬರ್ರಿ! ಮ್ಯಾಲ ಬರ್ರಿ!”

ಒಳಗಿನಿಂದ ಉತ್ತರ ಬರಲಿಲ್ಲ.

ತಂದೆಯವರು ಧೋತರ ಕಚ್ಚೆ ಹಾಕಿ ಇಳಿಯಲು ಮುಂದಾದರು. ಬಾಯಾರು ಓಡಿ ಬಂದು, ನೆಲಕ್ಕೆ ಬಿದ್ದು ಅವರ ಎರಡೂ ಕಾಲುಗಳನ್ನು ತಬ್ಬಿಕೊಂಡರು.

“ಬಿಡ್ರಿ ಬಾಯಾರ! ನನ್ನ ತಮ್ಮ ಅದಾನ ಒಳಗ!”

“ಬಿಡೂದಿಲ್ರಿ ಅಣ್ಣಾರ. ಇಳದ್ರ ಇಬ್ರೂ ಹೋಗ್ತೀರಿ.”

ತಂದೆಯವರು ಅವರನ್ನು ಹೊಡೆದರು. ಅವರು ಬಿಡಲಿಲ್ಲ. ಬಿದ್ದಲ್ಲಿಂದಲೇ, ಓಡಿ ಬಂದ ಆಳುಗಳಿಗೆ ಬೀಡಿ ಆರಿಸಿರೆಂದೂ ಪಕ್ಕದ ತೋಟದ ಔಷಧಿ ಹೊಡೆಯುವ ಬ್ಲೋವರ್ ತನ್ನಿರೆಂದೂ ಕೂಗಿದರು. ಬ್ಲೋವರ್ ಕಟ್ಟಿದ ಟ್ರ್ಯಾಕ್ಟರನ್ನು ಕಿಡಿ ತಾಗದಷ್ಟು ದೂರ ನಿಲ್ಲಿಸಿ ಗುಂಡಿಗೆ ಗಾಳಿ ಹೊಡೆಸಿದ ಮೇಲೆ, ಒಬ್ಬ ಆಳು ಎದೆಗೆ ಹಗ್ಗ ಕಟ್ಟಿಕೊಂಡು ಇಳಿದು ಕಾಕಾನನ್ನು ಮೇಲಕ್ಕೆ ತಂದನು. ಜೀವ ಹೋಗಿತ್ತು. ಬಾಯಾರ ಕೈಗಳನ್ನು ತಂದೆಯವರ ಕಾಲಿನಿಂದ ಬಿಡಿಸಲು ಇಬ್ಬರು ಹೆಂಗಸರು ಬೇಕಾದರು.

ತಂದೆಯವರು ಅವರನ್ನು ಕ್ಷಮಿಸಲಿಲ್ಲ. “ಗುಂಡಿ ಕಟ್ಟಿಸಿದಾಕಿನೂ ಆಕಿನ, ನನ್ನ ತಡದಾಕಿನೂ ಆಕಿನ” ಎಂದು ಊರೆಲ್ಲ ಕೇಳುವಂತೆ ಬೈದರು. ಬಾಯಾರು ಕೋಣೆ ಖಾಲಿ ಮಾಡಿ ಊರೊಳಗೆ ಹೋದರು. ಶಾಲೆಯಲ್ಲಿ ನಾನು ಅವರೆದುರು ತಲೆ ತಗ್ಗಿಸಿ ನಿಂತೆ.

“ನನಗೂ ಆ ಕನಸ ಬೀಳತೈತಿ ಬೇ. ಅಂವಾ ನಗೂದು ಕೇಳಸ್ತೈತಿ” ಎಂದರು. ಮತ್ತೆ, “ನಿಮ್ಮಪ್ಪ ಬೈಲಿ, ಬಿಡು. ಬೈಯಾಕ ಉಳದಾರಲ್ಲ” ಎಂದರು.

ಬಾಯಾರು ಕಳೆದ ವರ್ಷ ತೀರಿಕೊಂಡರು. ಅವರ ಮಣ್ಣಿಗೆ ತಂದೆಯವರು ಬರಲಿಲ್ಲ. ನಾನು ಹೋಗಿ ಬಂದೆ. ತಂದೆಯವರಿಗೆ ಈಗ ಬಹಳ ವಯಸ್ಸಾಗಿದೆ. ಕಾಕಾನ ನೆನಪಾದ ದಿನ ಕಟ್ಟೆಯ ಮೇಲೆ ಕುಳಿತು ಬಾಯಾರನ್ನು ಈಗಲೂ ಬೈಯುತ್ತಾರೆ. ಧ್ವನಿ ಇನ್ನೂ ಗಟ್ಟಿಯಾಗಿದೆ. ಕೈಯಲ್ಲಿರುವ ಕೆಲಸ ಬಿಟ್ಟು, ನಾನು ಅವರ ಹತ್ತಿರ ಹೋಗಿ ಕುಳಿತು, ಆ ಬೈಗುಳವನ್ನು ಪೂರ್ತಿಯಾಗಿ ಕೇಳುತ್ತೇನೆ.