ತಿರುಗಾಟದ ಮಾವ

ನೆಂಟರಲ್ಲಿ ಯಾರದೇ ಮದುವೆಯಿರಲಿ, ಪರವೂರಿನಿಂದ ಬಂದವರನ್ನು ವ್ಯಾನಿಗೆ ತುಂಬಿಕೊಂಡು ಊರು ತೋರಿಸಲು ಹೊರಡುವವರು ತಿರುಗಾಟದ ಮಾವನೇ. ತೋರಿಸಲು ಆ ಊರಿನಲ್ಲಿ ಇರುವುದಾದರೂ ಏನು? ಒಂದು ಕೆಟ್ಟುನಿಂತ ಗಡಿಯಾರದ ಗೋಪುರ, ಒಂದು ನೀರಿಲ್ಲದ ಕಾರಂಜಿ. ಮಾವ ಮಾತ್ರ ಅವನ್ನೇ ಹೊಗಳಿ ಅಟ್ಟಕ್ಕೇರಿಸುತ್ತಾರೆ. "ನೋಡಿ, ಎಂಥಾ ಗಡಿಯಾರ! ಯಾರಿಗೂ ಅವಸರ ಮಾಡಲ್ಲ." ಮಂಡಿನೋವಿನ ಅಜ್ಜಿಯನ್ನೂ ಬಿಡುವುದಿಲ್ಲ, ಹಾಲುಕುಡಿಯುವ ಕೂಸನ್ನೂ ಬಿಡುವುದಿಲ್ಲ. "ಹತ್ತಿ ಹತ್ತಿ, ಒಳಗೆ ಕೂತು ಏನ್ ಕಡಿದು ಕಟ್ಟೆ ಹಾಕ್ಬೇಕು?" ಎಂದು ಕೈಹಿಡಿದು ಎಳೆದೇ ಹತ್ತಿಸುತ್ತಾರೆ. ಯಾರಾದರೂ "ನೀವು ಹೋಗ್ಬನ್ನಿ" ಎಂದರೆ ಮಾತ್ರ ಅವರ ಮುಖ ಕಪ್ಪಿಡುತ್ತದೆ. "ಆ ಮಾತೊಂದು ಆಡ್ಬೇಡಿ ತಾಯಿ." ಇದೆಂಥ ಪೀಡೆಯಪ್ಪಾ ಎಂದು ಹೊಸಬರು ಗೊಣಗುತ್ತಾರೆ, ಹಳಬರು ಸುಮ್ಮನೆ ಎದ್ದು ಚಪ್ಪಲಿ ಮೆಟ್ಟುತ್ತಾರೆ. ತಮ್ಮ ಮಗಳ ಮದುವೆಯ ದಿನವೂ ಮಾವ ಹೀಗೇ ಬೀಗರ ಕಡೆಯವರನ್ನು ಕರೆದುಕೊಂಡು ಹೊರಟಿದ್ದರು. "ನೀನೂ ಬಾರೇ" ಎಂದು ಕರೆದಾಗ ಹೆಂಡತಿ ಮಗಳ ಜಡೆ ಹೆಣೆಯುತ್ತಾ ತಲೆಯೆತ್ತದೆಯೇ "ನೀವು ಹೋಗ್ಬನ್ನಿ" ಎಂದಿದ್ದಳು. ಅವರು ಕಾರಂಜಿಯ ಮುಂದೆ ನಿಂತು ಎಲ್ಲರನ್ನೂ ನಗಿಸುತ್ತಿದ್ದಾಗ ಅಡುಗೆಕೋಣೆಯಿಂದ ಎದ್ದ ಬೆಂಕಿ ಮದುವೆಮನೆಯನ್ನು ನುಂಗಿತು. ವ್ಯಾನಿನಲ್ಲಿದ್ದವರಷ್ಟೇ ಉಳಿದರು. ಇವತ್ತಿಗೂ ವಾಪಸು ಬರುವಾಗ ಮಾವ ಕೊನೆಯ ತಿರುವಿಗೆ ಮುಂಚೆ ವ್ಯಾನು ನಿಲ್ಲಿಸಿ ಒಬ್ಬರೇ ಇಳಿಯುತ್ತಾರೆ. ಮೂಲೆಯವರೆಗೆ ನಡೆದು, ಗಾಳಿಯನ್ನು ಒಮ್ಮೆ ಮೂಸಿ ನೋಡಿ, ಆಮೇಲೆ "ಬನ್ನಿ" ಎಂದು ಕೈ ಬೀಸುತ್ತಾರೆ.